ಅಡಿಕೆಗೆ ದರ ಯಾಕೆ ಕಮ್ಮಿ ಅಂತ ಒಂದು ಚೀಟಿ ಬರೆದುಕೊಡಿ

ಜರ್ಮನಿಯ ದ್ರಾಕ್ಷಿ ಸೀಮೆಯಲ್ಲಿ ಸಾವಯವ ತೋಟಗಳ ತಪಾಸಣೆ ಮಾಡುವುದು ನನ್ನ ಕೆಲಸ. ತೀರ್ಥಹಳ್ಳಿ ಕಡೆಯ ನೆಂಟರಿಗೆ ಇದನ್ನು ವಿವರಿಸಿ ಸಾಕಾಗಿದೆ. ಅವರ ಪಾಲಿಗೆ ಇನ್‌ಸ್ಪೆಕ್ಟರ್ ಅಂದರೆ ಒಂದೋ ಪೊಲೀಸು, ಇಲ್ಲವೇ ಗೊಬ್ಬರದಂಗಡಿಗೆ ಬಂದು ಸ್ಟಾಕ್ ಪುಸ್ತಕ ತಿರುವಿ ಹೋಗುವವರು. ನಾನು ಸರ್ಕಾರಿ ನೌಕರನೂ ಅಲ್ಲ. ಅಲ್ಲಿ ಈ ತಪಾಸಣೆಯನ್ನು ಸರ್ಕಾರದ ಮಾನ್ಯತೆ ಇರುವ ಖಾಸಗಿ ಸಂಸ್ಥೆಗಳು ಮಾಡುತ್ತವೆ, ಖರ್ಚು ರೈತನದೇ. ಇದನ್ನು ಕೇಳಿ ನಮ್ಮ ಚಿಕ್ಕಪ್ಪ, ‘ಅಂದ್ರೆ ದುಡ್ಡೂ ಕೊಟ್ಟು ಬೈಸಿಕೊಳ್ಳೋದಾ ಮಾರಾಯ!’ ಅಂದಿದ್ದರು. ಹೆಚ್ಚು ಕಡಿಮೆ ಹಾಗೆಯೇ.

ಕೆಲಸದ ಮುಕ್ಕಾಲು ಪಾಲು ನಡೆಯುವುದು ರೈತನ ಮನೆಯ ಮೇಜಿನ ಮೇಲೆ. ಔಷಧಿ ಕೊಂಡ ಬಿಲ್ಲು, ಹೊಡೆದ ದಿನದ ದಾಖಲೆ, ಕೊಯ್ಲಿನ ತೂಕ, ಮಾರಿದ ತೂಕ. ಕೊಯ್ದದ್ದಕ್ಕಿಂತ ಮಾರಿದ್ದು ಜಾಸ್ತಿ ಇದ್ದರೆ ಕುರ್ಚಿ ಎಳೆದುಕೊಂಡು ಕೂರಬೇಕು. ಆಮೇಲೆ ತೋಟ, ಔಷಧಿ ಇಡುವ ಕೋಣೆ. ಕೊನೆಗೆ ವರದಿ: ಏನು ನೋಡಿದೆ, ಎಲ್ಲಿ ತಪ್ಪಿದೆ, ಯಾವ ನಿಯಮದ ಪ್ರಕಾರ ತಪ್ಪು, ಯಾವಾಗಿನೊಳಗೆ ಸರಿಪಡಿಸಬೇಕು. ರೈತ ಓದಿ ಸಹಿ ಹಾಕುತ್ತಾನೆ. ಒಪ್ಪಿಗೆಯಿಲ್ಲದಿದ್ದರೆ ಅದನ್ನೂ ಅಲ್ಲೇ ಬರೆಯುತ್ತಾನೆ. ಪ್ರತಿ ಅವನ ಕೈಗೆ. ಸರ್ಟಿಫಿಕೇಟ್ ಕೊಡುವುದೋ ಬಿಡುವುದೋ ತೀರ್ಮಾನಿಸುವವನು ನಾನಲ್ಲ. ಆಫೀಸಿನಲ್ಲಿ ಕೂತ ಇನ್ನೊಬ್ಬರು. ಆ ರೈತನ ಮನೆಯ ಕಾಫಿ ಅವರು ಕುಡಿದಿರುವುದಿಲ್ಲ.

ಇನ್ನು ಶಿವಮೊಗ್ಗದ ಅಡಿಕೆ ಮಾರುಕಟ್ಟೆಗೆ ಬನ್ನಿ. ನಮ್ಮ ಮನೆಯ ಅಡಿಕೆ ಅಲ್ಲಿ ಮಾರಾಟವಾಗುವುದನ್ನು ಹುಡುಗನಾಗಿದ್ದಾಗಲೂ ನೋಡಿದ್ದೇನೆ, ರಜೆಗೆ ಬಂದಾಗ ಈಗಲೂ ನೋಡುತ್ತೇನೆ. ಚೀಲದ ಬಾಯಿ ಬಿಚ್ಚುತ್ತಾರೆ. ವರ್ತಕರು ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಮುಷ್ಟಿ ತೆಗೆಯುತ್ತಾರೆ, ಮೇಲಿನದನ್ನು ಯಾರೂ ನಂಬುವುದಿಲ್ಲವಲ್ಲ. ಅಂಗೈಯಲ್ಲಿ ಕುಲುಕಿ ಸದ್ದು ಕೇಳುತ್ತಾರೆ. ಹಸಿ ಇದ್ದರೆ ಸದ್ದು ಮಂಕು. ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಗೆರೆ ನೋಡುತ್ತಾರೆ, ಮೂಗಿಗೆ ಹಿಡಿಯುತ್ತಾರೆ. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ ಬಣ್ಣ ಸರಿಯಾಗಿ ಕೂತಿದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅರ್ಧ ನಿಮಿಷದ ಕೆಲಸ. ಆ ಕೈಯ ಅನುಭವದ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ಜೊತೆ ಕೆಲಸ ಮಾಡುವ ಯಾರಿಗೂ ಅಷ್ಟು ಸೂಕ್ಷ್ಮ ಇಲ್ಲ.

ತೊಂದರೆ ಏನೆಂದರೆ, ಆ ಕೈ ಕೊಳ್ಳುವವರದು. ಗುಣಮಟ್ಟ ಹೇಳುವವರೂ ಅವರೇ, ದರ ಬರೆಯುವವರೂ ಅವರೇ. ಎಷ್ಟೋ ಮನೆಗಳಿಗೆ ಮದುವೆಗೋ ಮಳೆಗಾಲದ ಖರ್ಚಿಗೋ ಮುಂಗಡ ಕೊಟ್ಟದ್ದೂ ದಲ್ಲಾಳಿ ಮಂಡಿಯೇ. ‘ಯಾಕೆ ಕಮ್ಮಿ?’ ಅಂದರೆ ‘ಕಲರ್ ಇಲ್ಲ ಹೆಗಡೇರೆ’, ‘ಸ್ವಲ್ಪ ಹಸಿ ಇದೆ ಗೌಡ್ರೆ’. ಮಾತು ಬಹಳ ಮರ್ಯಾದೆಯದು. ಕಾಗದದಲ್ಲಿ ಮಾತ್ರ ಏನೂ ಇರುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆವಾರು ಪೇಪರಿನಲ್ಲಿ ಬರುವ ಧಾರಣೆ ನೋಡಿ. ರಾಶಿ ಅನ್ನುವ ಒಂದೇ ಹೆಸರಿನ ಕೆಳಗೆ ಕನಿಷ್ಠಕ್ಕೂ ಗರಿಷ್ಠಕ್ಕೂ ಕ್ವಿಂಟಾಲಿಗೆ ಸಾವಿರಗಟ್ಟಲೆ ರೂಪಾಯಿ ಅಂತರ. ಆ ಅಂತರದೊಳಗೆ ನಮ್ಮ ಅಡಿಕೆ ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಹೇಳುವ ಒಂದು ಸಾಲನ್ನು ನಮ್ಮ ಮನೆಯಲ್ಲಿರುವ ಮಾರಾಟದ ಹಳೇ ಪಟ್ಟಿಗಳಲ್ಲಿ ನಾನು ಕಂಡಿಲ್ಲ.

ತೇವಾಂಶವನ್ನೇ ತೆಗೆದುಕೊಳ್ಳಿ. ಆಹಾರ ಸುರಕ್ಷತಾ ನಿಯಮದಲ್ಲಿ ಅಡಿಕೆಗೆ ಶೇ 7ರ ಮಿತಿ ಇದೆ. ನಮ್ಮ ಹವೆಗೆ ಅದು ಆಗದ ಮಾತು, ಏರಿಸಿ ಅಂತ ಬೆಳೆಗಾರರ ಸಂಸ್ಥೆಗಳು ಕೇಳುತ್ತಲೇ ಇವೆ. ಮಿತಿ ಎಷ್ಟಿರಬೇಕು ಅನ್ನುವ ಚರ್ಚೆ ದಿಲ್ಲಿವರೆಗೆ ಹೋಗುತ್ತದೆ. ಅಳೆದು ಬರೆದ ಚೀಟಿ ಮಾತ್ರ ನಮ್ಮ ಅಂಗಳದವರೆಗೂ ಬರುವುದಿಲ್ಲ. ನಾನಿರುವ ಕಡೆ ದ್ರಾಕ್ಷಿ ಹೊತ್ತು ತಂದ ರೈತನೆದುರೇ ರಸದ ಒಂದೆರಡು ಹನಿಯನ್ನು ಮಾಪಕದ ಗಾಜಿನ ಮೇಲೆ ಬಿಟ್ಟು ಸಿಹಿಯ ಅಂಕಿ ಓದುತ್ತಾರೆ. ಏಕ್ಸ್ಲೆ ಅಂತ ಅದಕ್ಕೊಂದು ಅಳತೆ. ಜಗಳ ಅಲ್ಲೂ ಆಗುತ್ತದೆ, ಆದರೆ ಅಂಕಿಯ ಮೇಲೆ ಆಗುತ್ತದೆ.

‘ಅದೆಲ್ಲ ನಿಮ್ಮ ಜರ್ಮನಿಯಲ್ಲಿ’ ಅನ್ನುವವರಿಗೆ ನನ್ನ ಉತ್ತರ: ನಮ್ಮಲ್ಲೇ ಇದೆ ಸ್ವಾಮಿ, 1966ರ ಬೀಜ ಕಾಯ್ದೆಯಲ್ಲಿ. ಬೀಜ ನಿರೀಕ್ಷಕರು ಅಂಗಡಿಯಿಂದ ಮಾದರಿ ತೆಗೆದರೆ ಮೂರು ಪಾಲು ಮಾಡಿ ಸೀಲು ಹಾಕಬೇಕು. ಒಂದು ಪ್ರಯೋಗಾಲಯಕ್ಕೆ, ಒಂದು ಮುಂದೆ ಕೇಸು ನಡೆದರೆ ಬೇಕು ಅಂತ ನಿರೀಕ್ಷಕರ ಬಳಿ, ಮತ್ತೊಂದು ಯಾರಿಂದ ತೆಗೆದರೋ ಅವರಿಗೇ. ತಪಾಸಣೆಗೆ ಒಳಗಾದವನ ಕೈಯಲ್ಲೂ ಸಾಕ್ಷಿ ಇರಬೇಕು ಅನ್ನುವ ವಿವೇಕ ಆ ಕಾಯ್ದೆಗಿತ್ತು. ಭತ್ತದ ಬೀಜದ ಚೀಲಕ್ಕೆ ಪ್ರಮಾಣೀಕರಣದ ನೀಲಿ ಚೀಟಿ ಬೀಳಬೇಕಾದರೆ ಮೊಳಕೆ ಕನಿಷ್ಠ ಶೇ 80, ಭೌತಿಕ ಶುದ್ಧತೆ ಶೇ 98 ಇರಲೇಬೇಕು. ಬಿತ್ತುವ ಬೀಜಕ್ಕೆ ಇಷ್ಟೆಲ್ಲ ಅಂಕಿ ಇಟ್ಟ ನಾವು, ವರ್ಷವಿಡೀ ದುಡಿದು ಮಾರುವ ಫಸಲಿಗೆ ಬಂದಾಗ ‘ಕಲರ್ ಇಲ್ಲ’ ಅನ್ನುವ ಮಾತಿಗೆ ತಲೆಯಾಡಿಸಿ ಬಸ್ಸು ಹತ್ತುತ್ತೇವೆ. (ಬೀಜ ಕೊಂಡವರು ಆ ನೀಲಿ ಚೀಟಿ, ಬಿಲ್ಲು ಮತ್ತು ಒಂದು ಹಿಡಿ ಬೀಜವನ್ನು ಕೊಯ್ಲಿನವರೆಗೂ ಎತ್ತಿಡಿ. ಮೊಳಕೆ ಬರದಿದ್ದರೆ ಅವಿಲ್ಲದೆ ಮುಂದೆ ಹೋಗುವುದು ಕಷ್ಟ.)

ಹಾಗಂತ ಅಲ್ಲಿನದೆಲ್ಲ ಇಲ್ಲಿಗೆ ಬೇಕು ಅಂತ ನಾನು ಹೇಳುತ್ತಿಲ್ಲ. ಕೆಲವು ನಿಯಮಗಳು ಇಲ್ಲಿಗೆ ಬಂದರೆ ತೋಟವೇ ಉಳಿಯುವುದಿಲ್ಲ. ಮುಂಗಾರು ಹಿಡಿಯುವ ಮೊದಲು ಚಿಕ್ಕಪ್ಪನ ಅಂಗಳದಲ್ಲಿ, ಅಡಿಕೆಗೆ ಕೊಳೆ ರೋಗ ಬಾರದಂತೆ ಹೊಡೆಯುವ ಬೋರ್ಡೊ ದ್ರಾವಣ ಮಾಡುವುದನ್ನು ನೋಡುತ್ತ ನಿಂತಿದ್ದೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ. 100 ಲೀಟರಿಗೆ ಕಿಲೋ ಕಿಲೋ. ಎರಡನ್ನೂ ಕೂಡಿಸಿದ ಮೇಲೆ ಚಿಕ್ಕಪ್ಪ ಕಬ್ಬಿಣದ ಚಾಕು ಅದ್ದಿ ತೆಗೆದರು. ಅಲಗಿನ ಮೇಲೆ ತೆಳ್ಳಗೆ ತಾಮ್ರದ ಕೆಂಪು. ‘ಸುಣ್ಣ ಸಾಲಲಿಲ್ಲ’ ಅಂದು ಇನ್ನೊಂದು ಚಂಬು ಸುರಿಸಿದರು, ಕಲಕಿದರು, ಮತ್ತೆ ಅದ್ದಿದರು. ಈ ಸಲ ಅಲಗು ಬೆಳ್ಳಗೇ ಬಂತು. ಅದರ ಮೇಲೇ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಡ್ರಮ್ಮು ಸಿಕ್ಕಿದ್ದು.

ಇದೇ ಬೋರ್ಡೊ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿಗೆ, 1880ರ ದಶಕದಲ್ಲಿ. ನಾನು ತಪಾಸಣೆ ಮಾಡುವ ತೋಟಗಳಲ್ಲೂ ತಾಮ್ರವೇ ಆಧಾರ. ಆದರೆ ಯುರೋಪಿನ ಕಾನೂನು ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋ ತಾಮ್ರ ದಾಟಬಾರದು ಅನ್ನುತ್ತದೆ, ಸರಾಸರಿ ವರ್ಷಕ್ಕೆ 4 ಕಿಲೋ. ಮೈಲುತುತ್ತದಲ್ಲಿ ತಾಮ್ರ ಕಾಲುಭಾಗ. ಲೆಕ್ಕ ಹಾಕಿದರೆ ಆ ಮಿತಿಯೊಳಗೆ ಹೊಡೆಯಬಹುದಾದದ್ದು ಎಕರೆಗೆ ವರ್ಷಕ್ಕೆ ಸುಮಾರು 650 ಲೀಟರ್ ದ್ರಾವಣ, ಎಕರೆಗೆ 550 ಮರ ಅಂದರೂ ಮರಕ್ಕೆ ಲೀಟರಿನ ಮೇಲೆ ಚೂರು. ಮಲೆನಾಡಿನಲ್ಲಿ ಎರಡು ಸುತ್ತು ಖಾಯಂ, ಮಳೆ ಬಿಡದಿದ್ದರೆ ಮೂರು. ಬಳ್ಳಿಗೆ ಸೊರಗು ರೋಗ ಬಾರದಿರಲಿ ಅಂತ ಅದೇ ಮರಕ್ಕೆ ಹಬ್ಬಿದ ಕಾಳುಮೆಣಸಿಗೂ ಹೊಡೆಯಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯ ಮಿತಿಯನ್ನು, 7000 ದಾಟುವ ಆಗುಂಬೆಯ ಮಗ್ಗುಲಲ್ಲಿ ಕೂತು ಪಾಲಿಸಿ ಅಂದರೆ ಕೊಳೆ ರೋಗ ನಗುತ್ತದೆ. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ ಅನ್ನುವುದು ನಿಜ, ಮಿತಿ ನಮಗೂ ಬೇಕು. ಅದು ನಮ್ಮ ಮಣ್ಣು ಅಳೆದು, ನಮ್ಮ ಮಳೆ ನೋಡಿ ಬಂದದ್ದಾಗಿರಬೇಕು. ಆ ಕೆಲಸಕ್ಕೆ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ.

ಇನ್ನೊಂದು ವ್ಯತ್ಯಾಸ ನನಗೆ ಇವತ್ತಿಗೂ ಮುಜುಗರ ತರುತ್ತದೆ. ತಪಾಸಕ ಸಲಹೆ ಕೊಡಕೂಡದು. ಸಲಹೆ ಕೊಟ್ಟವನೇ ನಾಳೆ ಅದನ್ನು ಪರೀಕ್ಷಿಸಲು ಬಂದರೆ ಏನರ್ಥ, ಅನ್ನುವುದು ತರ್ಕ. ಜರ್ಮನಿಯಲ್ಲಿ ಸಲಹೆಗೆ ಬೇರೆ ಜನ ಇದ್ದಾರೆ, ನಡೆಯುತ್ತದೆ. ಹೊಸನಗರದ ಒಳಹಳ್ಳಿಯೊಂದರಲ್ಲಿ, ಎಲೆಚುಕ್ಕಿ ರೋಗ ಬಡಿದ ತೋಟದ ನಡುವೆ ನಿಂತು, ಎಲೆಅಡಿಕೆ ತಟ್ಟೆ ಮುಂದಿಟ್ಟ ಯಜಮಾನರು ‘ಇದಕ್ಕೆ ಏನು ಮಾಡೋದು ಹೇಳಿ’ ಅಂದಾಗ ‘ಅದು ನನ್ನ ಕೆಲಸವಲ್ಲ’ ಅಂದು ಬರಲು ಯಾವ ಮಲೆನಾಡಿನವನಿಗೆ ಸಾಧ್ಯ? ಮಾತಾಡಲಿ ಬಿಡಿ. ಮಾತಾಡಿದ್ದನ್ನೂ ವರದಿಯಲ್ಲಿ ಬರೆದರೆ ಆಯಿತು.

ಹಲವು ರೈತರಿಗೆ ಸೇರಿ ಒಂದೇ ಸರ್ಟಿಫಿಕೇಟ್ ಕೊಡುವ, ಸಾವಯವ ಕಾಳುಮೆಣಸಿನ ಗುಂಪು ಪ್ರಮಾಣೀಕರಣದಲ್ಲೂ ನನ್ನ ತಕರಾರು ಕಾಗದದ್ದೇ. ಅಡಿಕೆ, ಮೆಣಸಿನಂಥ ಬಹುವಾರ್ಷಿಕ ಬೆಳೆ ಸಾವಯವಕ್ಕೆ ಹೊರಳಲು 3 ವರ್ಷದ ಪರಿವರ್ತನಾ ಅವಧಿ. ಅಷ್ಟು ವರ್ಷ ತಾಳಿಕೊಂಡ ಮೇಲೆ ಸಿಗುವ ಸರ್ಟಿಫಿಕೇಟ್ ಗುಂಪಿನ ಹೆಸರಿನಲ್ಲಿರುತ್ತದೆ. ಗುಂಪು ಬಿಟ್ಟು ಅದೇ ಮೆಣಸನ್ನು ಬೇರೆಯವರಿಗೆ ಸಾವಯವ ಅಂತ ಮಾರಲು ಆ ಸರ್ಟಿಫಿಕೇಟಿನಿಂದ ರೈತನಿಗೆ ದಾರಿಯಿಲ್ಲ. ಗುಂಪಿಗೆ ಸೇರುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಸರ್ಟಿಫಿಕೇಟ್ ಯಾರದು ಅನ್ನುವುದು.

ಅಡಿಕೆ ಮಾರುಕಟ್ಟೆಯಲ್ಲಿ ಚೀಟಿ ಕೊಡುವ ವಿಷಯ ಚಿಕ್ಕಪ್ಪನಿಗೂ ಹೇಳಿದೆ. ಟೆಂಡರಿನ ದರ ಈಗ ಹೇಗೂ ಕಂಪ್ಯೂಟರಿಗೆ ಹತ್ತುತ್ತದೆ, ಅದರ ಪಕ್ಕ ತೇವಾಂಶದ ಅಂಕಿ, ಬಣ್ಣ, ಒಡಕಿನ ಪ್ರಮಾಣ, ಮೂರೇ ಕಾಲಂ ಹಾಕಿ ಮುದ್ರಿಸಿ ಕೊಡಲಿ ಅಂದೆ. ಅವರು ಬಹಳ ಹೊತ್ತು ಯೋಚಿಸಲಿಲ್ಲ. ‘ಚೀಟಿ ಕೇಳಿದವನ ಲಾಟನ್ನು ಮುಂದಿನ ವಾರ ಯಾರೂ ಮೂಸಲ್ಲ, ಗೊತ್ತುಂಟಾ?’ ಅಂದರು. ಅವರ ಮಾತು ಸರಿಯೇ. ಅದಕ್ಕೇ ಇದನ್ನು ಒಬ್ಬೊಬ್ಬ ರೈತ ಕೇಳುವಂತೆ ಇಡಬಾರದು. ಕೇಳಲಿ ಬಿಡಲಿ, ಪ್ರತಿ ಲಾಟಿಗೂ ಚೀಟಿ ಅಂತ ಮಾರುಕಟ್ಟೆ ಸಮಿತಿಯೇ ನಿಯಮ ಮಾಡಬೇಕು. ಅಷ್ಟರವರೆಗೆ ಕಾಯುವುದೂ ಬೇಡ. 1939ರಿಂದ ಇರುವ ಮ್ಯಾಮ್ಕೋಸ್‌ನಂಥ ಅಡಿಕೆ ಮಾರಾಟ ಸಹಕಾರ ಸಂಘಕ್ಕೆ ಬೆಳೆಗಾರರೇ ಮಾಲೀಕರು, ತಮ್ಮ ಸಂಘದಲ್ಲಿ ಚೀಟಿ ಕೇಳಿದರೆ ಯಾರೂ ಮುನಿಸಿಕೊಳ್ಳುವಂತಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಲಿ, ಅನುಮೋದಿಸಲು ಇನ್ನೊಬ್ಬರು ಸಿಕ್ಕೇ ಸಿಗುತ್ತಾರೆ.