ಆಮೆನ್ ಅಂದರೆ ಹೌದೋ, ಅಲ್ಲವೋ?

ಮೊನ್ನೆ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿ ಮಲಗಿದೆ. ‘ಬಿ.ಪಿ. ಮಶಿನ್ನಿಗೆ ಸೆಲ್ ಯಾರು ತರ್ತೀರಿ?’ ಬೆಳಿಗ್ಗೆ ಎದ್ದು ನೋಡಿದರೆ ಹದಿಮೂರು ಉತ್ತರ. ಒಂಬತ್ತು ಆಮೆನ್, ನಾಲ್ಕು ಕೈಮುಗಿದ ಚಿತ್ರ. ಸೆಲ್ ಯಾರು ತರ್ತಾರೆ ಅನ್ನೋದು ದೇವರಿಗೇ ಗೊತ್ತು. ಆತನಿಗೆ ಮಾತ್ರ ಗೊತ್ತಿದ್ದರೆ ನನಗೇನು ಉಪಯೋಗ?

ಬೆಳಗಾವಿಯ ನಮ್ಮ ಚರ್ಚಿನ ಸಭೆಯ ಹದಿನಾಲ್ಕು ಜನ ಕೆನ್ಯಾಕ್ಕೆ ಹೊರಟಿದ್ದೇವೆ. ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಕಿಸುಮು ಅಂತ ಊರಿದೆ. ಅದರಾಚೆ ಒಂದು ಹಳ್ಳಿಯಲ್ಲಿ ಎರಡು ವಾರ ಆರೋಗ್ಯ ಶಿಬಿರ. ನಾನು ಒಮ್ಮೆ ಹೋಗಿ ಬಂದಿದ್ದೇನೆ. ಅದೇ ನನ್ನ ತಪ್ಪು. ಒಮ್ಮೆ ಹೋಗಿ ಬಂದವರು ಎರಡನೇ ಸಲ ಹೊರಟರೆ ಅವರನ್ನು ಸೇವಕಿ ಅನ್ನುವುದಿಲ್ಲ, ಟ್ರಾವೆಲ್ ಏಜೆಂಟ್ ಅಂತ ತಿಳಿಯುತ್ತಾರೆ. ಯಾರಿಗೆ ಏನೇ ಹೇಳಿದರೂ ಒಂದೇ ಮಾತು: ‘ನಿಮಗ ಎಲ್ಲಾ ಗೊತ್ತೈತಲ್ರೀ ಸಿಸ್ಟರ್, ನೀವ ಮಾಡಿಬಿಡ್ರಿ.’ ನಾನು ನರ್ಸು. ದವಾಖಾನೆಯಲ್ಲೂ ಸಿಸ್ಟರ್, ಸಭೆಯಲ್ಲೂ ಸಿಸ್ಟರ್. ಹೀಗಾಗಿ ಭಾನುವಾರವೂ ಡ್ಯೂಟಿ ತಪ್ಪಿಲ್ಲ.

ಕೆನ್ಯಾಕ್ಕೆ 2024ರಿಂದ ವೀಸಾ ಇಲ್ಲ. ಅದರ ಬದಲು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪರವಾನಗಿ ಪಡೀಬೇಕು. ಎಲ್ಲರದ್ದೂ ತುಂಬಿದವಳು ನಾನೇ. ಒಬ್ಬೊಬ್ಬರ ಫೋಟೋ ಕೇಳಿದೆ. ಒಬ್ಬರು ಗೋಕಾಕ ಫಾಲ್ಸ್ ಮುಂದೆ ನಿಂತದ್ದು ಕಳಿಸಿದರು. ಫಾಲ್ಸ್ ಚೆನ್ನಾಗಿ ಬಂದಿದೆ.

ಈ ಆಮೆನ್ ರೋಗದ ಮೂಲಪುರುಷರು ನಮ್ಮ ಕಾಕಾ. ರಿಟೈರ್ ಆದ ಮೇಷ್ಟ್ರು, ಬಂಗಾರದಂಥ ಮನುಷ್ಯ. ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡೋಕೆ ಅವರೇ ಮೊದಲು. ಆದರೆ ಫೋನ್ ಕೈಗೆ ಬಂತೆಂದರೆ ಅವರ ಹೆಬ್ಬೆರಳಿಗೆ ಒಂದೇ ಶಬ್ದ ಬರುತ್ತದೆ. ‘ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಇರಬೇಕು, ನೋಡಿಕೊಳ್ಳಿ’ ಅಂತ ಹಾಕಿದೆ. ಆಮೆನ್. ‘ಕಾಕಾ, ನಿಮ್ಮದು ಯಾವಾಗ ಮುಗೀತದ?’ ಆಮೆನ್. ಫೋನ್ ಮಾಡಿದೆ.

‘ಕಾಕಾ, ಅವಧಿ ಕೇಳಿದ್ರ ಆಮೆನ್ ಅಂತೀರಲ್ಲ?’

‘ಆಮೆನ್ ಅಂದ್ರ ಹಂಗ ಆಗಲಿ ಅಂತ ಅರ್ಥ, ಸಿಸ್ಟರ್.’

‘ಹಂಗ ಅಂದ್ರ ಹ್ಯಾಂಗ?’

‘ಕರ್ತನ ಚಿತ್ತ ಹ್ಯಾಂಗೈತಿ, ಹಂಗ.’

ಪಾಸ್‌ಪೋರ್ಟ್ ಆಫೀಸಿನವರ ಚಿತ್ತವೂ ಒಂದಿರುತ್ತದೆ ಅಂತ ಹೇಳೋಕೆ ಬಾಯಿವರೆಗೆ ಬಂತು. ನುಂಗಿದೆ.

ನಿಜವಾದ ಪರೀಕ್ಷೆ ಬಂದದ್ದು ಹಳದಿ ಜ್ವರದ ಚುಚ್ಚುಮದ್ದಿನಲ್ಲಿ. ಹೊರಡುವುದಕ್ಕೆ ಹತ್ತು ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ಕಾರ್ಡ್ ಇಲ್ಲದೆ ಕೆನ್ಯಾದಿಂದ ವಾಪಸು ಬಂದರೆ ನಮ್ಮ ದೇಶದವರೇ ಆರು ದಿನದವರೆಗೆ ಬೇರೆ ಇಡಬಹುದು. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಅಂದರೆ ನನಗೆ ಬೇಕಿರಲಿಲ್ಲ. ಆದರೂ ಹದಿಮೂರು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಚೋರ್ಲಾ ಘಾಟ್ ಇಳಿದು ಗೋವಾದ ವಾಸ್ಕೋದಲ್ಲಿರುವ ಲಸಿಕೆ ಕೇಂದ್ರಕ್ಕೆ ಹೋದೆ. ಯಾಕೆಂದರೆ, ನನಗೆ ಎಲ್ಲಾ ಗೊತ್ತೈತಲ್ರೀ. (ಪಕ್ಕದ ಮನೆಯವರು ಇವತ್ತಿಗೂ ಕೇಳುತ್ತಾರೆ, ‘ಗೋವಾಕ್ಕ ಮಿಷನ್ ಟ್ರಿಪ್ ಹೋಗಿದ್ರಂತ?’)

ಅರವತ್ತು ದಾಟಿದವರಿಗೆ ಈ ಚುಚ್ಚುಮದ್ದು ಕೊಡುವ ಮೊದಲು ಸ್ವಲ್ಪ ಹುಷಾರಾಗಿ ನೋಡಬೇಕಾಗುತ್ತದೆ. ಅದಕ್ಕೇ ಎರಡು ವಾರ ಮೊದಲು ಕೇಳಿದ್ದೆ, ‘ಅರವತ್ತು ದಾಟಿದವರು ಯಾರಿದ್ದೀರಿ? ನಿಮ್ಮ ಡಾಕ್ಟರ ಚೀಟಿ ತನ್ನಿ.’ ಇಪ್ಪತ್ತೈದರ ಹುಡುಗಿಯೂ ಆಮೆನ್ ಅಂದಿದ್ದಳು. ಹಾಗಾಗಿ ಕಾಕಾನ ಆಮೆನ್ ಅದರೊಳಗೆ ಕಾಣಲೇ ಇಲ್ಲ.

ಅಲ್ಲಿ ನರ್ಸ್ ಹಿಂದಿಯಲ್ಲಿ ಕೇಳಿದಳು, ‘ಅಂಡಾ ಖಾನೇ ಸೇ ಕುಛ್ ತಕ್ಲೀಫ್ ಹೋತೀ ಹೈ?’ ಈ ಲಸಿಕೆ ತತ್ತಿಯಲ್ಲಿ ಬೆಳೆಸಿ ಮಾಡುವಂಥದ್ದು. ತತ್ತಿ ಆಗಿಬರದವರಿಗೆ ಅಪಾಯ. ಕಾಕಾ ಕಣ್ಣು ಮುಚ್ಚಿ ತೋಳು ಮುಂದೆ ಮಾಡಿ ಅಂದರು, ‘ಆಮೆನ್.’

ಅವಳು ನನ್ನನ್ನು ನೋಡಿದಳು. ‘ಹಾಂ ಯಾ ನಾ?’

ಎರಡು ತಿಂಗಳಿಂದ ನಾನು ಕೇಳುತ್ತಿದ್ದದ್ದೂ ಇದನ್ನೇ ತಾಯಿ.

ಅಷ್ಟರಲ್ಲಿ ಅವಳು ಪಾಸ್‌ಪೋರ್ಟ್ ತಿರುವಿದಳು. ವಯಸ್ಸು ಅರವತ್ತಾರು. ಚೀಟಿ ಎಲ್ಲಿ? ಚೀಟಿ ಇಲ್ಲ. ಉಳಿದ ಹನ್ನೆರಡು ಜನ ಚುಚ್ಚಿಸಿಕೊಂಡು ಮೀನಿನ ಊಟ ಮಾಡಿದರು. ಮುಂದಿನ ವಾರ ನಾನು ಮತ್ತು ಕಾಕಾ ಮತ್ತೆ ಚೋರ್ಲಾ ಘಾಟ್ ಇಳಿದೆವು. ಪ್ರತಿ ತಿರುವಿನಲ್ಲೂ ಅವರು ಸ್ತೋತ್ರ ಹೇಳಿದರು. ನಾನು ಹೇಳಿದ್ದು ಬರೆಯುವಂಥದ್ದಲ್ಲ.

ಇನ್ನು ಸಾಮಾನು. ವಿಮಾನದಲ್ಲಿ ಒಬ್ಬರಿಗೆ 23 ಕೆ.ಜಿ. ಕಿರಾಣಿ ಅಂಗಡಿಯ ಕಾಟಾದ ಮೇಲೆ ಬ್ಯಾಗ್ ಇಟ್ಟರೆ 26. ನನ್ನದು ಎರಡೇ ಸೀರೆ, ಉಳಿದದ್ದೆಲ್ಲ ಸಭೆಯವರು ಕೊಟ್ಟ ಕುಂದಾ, ಶೇಂಗಾ ಚಟ್ನಿ, ಕಡಕ್ ರೊಟ್ಟಿ. ‘ಅಲ್ಲೇನ್ ಸಿಗತೈತೋ ಏನೋ ಸಿಸ್ಟರ್.’ ಎಲ್ಲಾ ಸಿಗುತ್ತದೆ. ಬಿಳಿ ಗೋವಿನಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆಯ ತಂಗಿ. ಜೊತೆಗೆ ಸುಕುಮಾ ವಿಕಿ ಅಂತ ಸೊಪ್ಪಿನ ಪಲ್ಯ. ಹಾಗಂದರೆ ‘ವಾರ ದೂಡು’ ಅಂತ ಅರ್ಥ. ತಿಂಗಳ ಕೊನೆಯಲ್ಲಿ ಅಡುಗೆ ಮನೆಯಲ್ಲಿ ನಿಂತ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

1820ರಲ್ಲಿ ಲಂಡನ್ ಮಿಷನ್ನಿನ ಪಾದ್ರಿ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದಾಗ ಅವರ ಪೆಟ್ಟಿಗೆಯನ್ನು ಯಾರೂ ತೂಗಿರಲಿಕ್ಕಿಲ್ಲ. ಆದರೆ ಅವರು ವರ್ಷಗಟ್ಟಲೆ ಇಲ್ಲೇ ಉಳಿದರು. ನಾವು ಎರಡು ವಾರಕ್ಕೆ ಹೋಗುವವರು, ಅದರಲ್ಲಿ ಎರಡು ದಿನ ಫೋಟೋಕ್ಕೇ ಹೋಗುತ್ತದೆ.

ಕಳೆದ ಸಲ ಶಿಬಿರಕ್ಕೆ ಒಬ್ಬ ಅಜ್ಜಿ ಬಂದಿದ್ದಳು. ಅಲ್ಲಿ ದೊಡ್ಡ ಹೆಂಗಸರನ್ನೆಲ್ಲ ಮಾಮಾ ಅಂತಾರೆ. ನಾನು ಮೊದಲ ದಿನ ಮಾಮಾ ಯಾರು ಅಂತ ಗಂಡಸರನ್ನು ಹುಡುಕಿದ್ದೆ. ಬಿ.ಪಿ. 180 ಇತ್ತು. ಗುಳಿಗೆ ತೋರಿಸಿ ‘ದವಾ’ ಅಂದೆ. ಅವಳು ‘ದಾವಾ, ದಾವಾ’ ಅಂತ ನಕ್ಕಳು. ಅವರ ಸ್ವಾಹಿಲಿ ಭಾಷೆಯಲ್ಲೂ ಅದೇ ಶಬ್ದ. ಹೊರಡುವ ದಿನ ಮಣಿಕಟ್ಟು ಹಿಡಿದು ಕೇಳಿದಳು, ‘ಉತರೂಡಿ?’ ತಿರುಗಿ ಬರ್ತೀಯಾ ಅಂತ. ನಮ್ಮಲ್ಲಿ ರೂಢಿ ಅಂದರೆ ಅಭ್ಯಾಸ, ಅವರಲ್ಲಿ ರೂಡಿ ಅಂದರೆ ತಿರುಗಿ ಬಾ. ನಾನು ಸುಮ್ನೆ ತಲೆಯಾಡಿಸಿದೆ. ಅವಳ ಕೈಯಲ್ಲಿ ಮೂವತ್ತು ದಿನದ ಗುಳಿಗೆ ಇತ್ತು. ಬೆಳಗಾವಿಗೆ ಬಂದ ಮೇಲೆ ಒಂದು ರಾತ್ರಿ ಲೆಕ್ಕ ಹಾಕಿದೆ, ಇವತ್ತಿಗೆ ಮೂವತ್ತೊಂದನೇ ದಿನ. ಆಮೇಲೆ ಜಾಸ್ತಿ ಲೆಕ್ಕ ಹಾಕಲು ಧೈರ್ಯ ಆಗಲಿಲ್ಲ.

ಈ ಸಲ ಗುಳಿಗೆ ಒಯ್ಯುತ್ತಿಲ್ಲ. ಊರಿನ ಕ್ಲಿನಿಕ್‌ನವರ ಜೊತೆ ಮಾತಾಡಿ, ಅಲ್ಲೇ ವರ್ಷಕ್ಕಾಗುವಷ್ಟು ಕೊಂಡು, ರಿಜಿಸ್ಟರಿನಲ್ಲಿ ಹೆಸರು ಬರೆಸುವುದು ಅಂತ ಮಾತಾಗಿದೆ. ಅಜ್ಜಿಯ ಹೆಸರು ಮೊದಲು. ಅವಳು ಇದ್ದರೆ.

ಇದನ್ನು ಬರೆಯುತ್ತಿರುವಾಗ ಫೋನ್ ಟಿಂಗ್ ಅಂತು. ಕಾಕಾ. ‘ಸಿಸ್ಟರ್, ಸೆಲ್ ನಾ ತರ್ತೇನಿ. ಪೆನ್ಸಿಲ್ ಸೆಲ್ಲೋ, ದೊಡ್ಡವೋ? ಎಷ್ಟ ಬೇಕ?’

ಎರಡು ತಿಂಗಳಲ್ಲಿ ಮೊದಲ ಪ್ರಶ್ನೆ! ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಉತ್ತರ ಬರೆಯೋಣ ಅಂತ ಕೆಳಗೆ ಸರಿಸಿದರೆ, ಉಳಿದ ಹನ್ನೆರಡು ಜನ ನನಗಿಂತ ಮೊದಲೇ ಕಾಕಾಗೆ ಉತ್ತರ ಕೊಟ್ಟಿದ್ದರು.

ಆಮೆನ್. ಆಮೆನ್. ಆಮೆನ್.