ಅಂಬಾರಿ ಆನೆಗೊಂದು ನ್ಯಾಯ, ರೇಸ್ ಕುದುರೆಗೊಂದು

ಮಂಜು ಕವಿದ ಬೆಳಗಿನಲ್ಲಿ ಕುದುರೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಅದೂ ಗೊರಸಿನ ಸದ್ದಲ್ಲ, ಉಸಿರು. ನಾಗಾಲೋಟದಲ್ಲಿರುವ ಕುದುರೆ ನೆಗೆತಕ್ಕೊಂದರಂತೆ ಉಸಿರು ಬಿಡುತ್ತದೆ, ಕಮ್ಮಾರನ ತಿದಿ ಒತ್ತಿದ ಹಾಗೆ. ಆ ತಿದಿ ಹತ್ತಿರ ಹತ್ತಿರ ಬಂದು, ಒಮ್ಮೆಗೇ ಕಂದು ಬಣ್ಣದ ಎದೆಯೊಂದು ಕಾಣಿಸಿ, ಮಣ್ಣಿನ ಹೆಂಟೆ ಬೇಲಿಗೆ ಸಿಡಿದು, ಹೋಗಿಯೇ ಬಿಡುತ್ತದೆ. ಪಕ್ಕದಲ್ಲಿ ನಿಂತವರು ತುಸು ಹೊತ್ತು ಮಾತನಾಡುವುದಿಲ್ಲ.

ಇದು ನ್ಯೂಯಾರ್ಕ್ ರಾಜ್ಯದ ಸಾರಟೋಗ ಸ್ಪ್ರಿಂಗ್ಸ್. ನಾನಿರುವ ಆಲ್ಬನಿಯಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್. 1863ರಲ್ಲಿ ಶುರುವಾದ ಬೇಸಿಗೆಯ ರೇಸ್ ಈಗ ಜುಲೈ ತಿಂಗಳಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ನಡೆಯುತ್ತದೆ. ಮಧ್ಯಾಹ್ನಕ್ಕೆ ಟಿಕೆಟ್ ಇದೆ, ಹೆಂಗಸರ ಅಗಲವಾದ ಟೋಪಿಗಳಿವೆ, ಜೂಜಿದೆ. ಅದರ ಗೊಡವೆ ನನಗಿಲ್ಲ. ರೇಸ್ ಇರುವ ದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದು, ಬಂದವರನ್ನೆಲ್ಲ ಕಾಸಿಲ್ಲದೆ ಒಳಗೆ ಬಿಟ್ಟು, ಕುದುರೆಗಳ ತಾಲೀಮು ನೋಡಿಸುತ್ತಾರೆ. ಒಬ್ಬರು ಮೈಕ್ ಹಿಡಿದು, ಈಗ ಬರುತ್ತಿರುವುದು ಯಾವ ಕುದುರೆ, ಯಾರ ಲಾಯದ್ದು ಎಂದು ಹೇಳುತ್ತಿರುತ್ತಾರೆ. ಅಲ್ಲಿಯೇ ತಿಂಡಿಯೂ ಸಿಗುತ್ತದೆ. ಮೊದಲ ಸಲ ಅದರ ಬೆಲೆ ನೋಡಿದ ಮೇಲೆ ನಾವು ಉಪ್ಪಿಟ್ಟು ಕಟ್ಟಿಕೊಂಡೇ ಹೋಗುತ್ತೇವೆ.

ಎರಡು ಮೂರು ಸಲ ನೋಡಿದರೆ ಅಲ್ಲೊಂದು ಸಂಚಾರ ನಿಯಮ ಇರುವುದು ತಿಳಿಯುತ್ತದೆ. ಅಮೆರಿಕದಲ್ಲಿ ಕುದುರೆಗಳು ಓಡುವುದು ಅಪ್ರದಕ್ಷಿಣೆಯಾಗಿ. ಜೋರಾಗಿ ಓಡುವುದಕ್ಕೆ ಒಳಬೇಲಿಯ ಪಕ್ಕ ಜಾಗ. ಮೈ ಬಿಸಿ ಮಾಡಿಕೊಳ್ಳಲು ಕುಕ್ಕುಲೋಟದಲ್ಲಿ ಹೋಗುವವು ಹೊರಬೇಲಿಯ ಗುಂಟ, ಎದುರು ದಿಕ್ಕಿನಲ್ಲಿ. ಸವಾರನನ್ನು ಕೆಡವಿ ಯಾವುದಾದರೂ ಕುದುರೆ ತಪ್ಪಿಸಿಕೊಂಡರೆ, ಅದನ್ನು ಹಿಡಿಯಲು ಇನ್ನೊಂದು ಕುದುರೆಯ ಮೇಲೆ ಕಾವಲಿನವರು ಸಿದ್ಧರಿರುತ್ತಾರೆ. ಕುಕ್ಕುಲೋಟ, ನಾಗಾಲೋಟ ಎಂಬ ಎರಡು ಚೆಂದದ ಪದಗಳನ್ನು ನನ್ನ ಮಗಳಿಗೆ ಕಲಿಸಿದ್ದು ಈ ಬೇಲಿಯ ಬಳಿ. ನಮ್ಮ ಪತ್ರಿಕೆಗಳಲ್ಲಿ ಈಗ ನಾಗಾಲೋಟದಲ್ಲಿ ಓಡುವುದು ಈರುಳ್ಳಿ ಬೆಲೆ, ಚಿನ್ನದ ಬೆಲೆ ಮಾತ್ರ.

ತಾಲೀಮಿಗೆಂದೇ ಇರುವ ಇನ್ನೊಂದು ಟ್ರ್ಯಾಕ್ ಯೂನಿಯನ್ ಅವೆನ್ಯೂ ಎಂಬ ದೊಡ್ಡ ರಸ್ತೆಯ ಆಚೆಗಿದೆ. ಹೆಸರು ಓಕ್ಲಹೋಮ. ಕುದುರೆ ದಾಟುವಾಗ ಕಾರುಗಳು ನಿಲ್ಲಬೇಕು, ಕಚೇರಿಗೆ ಎಷ್ಟೇ ತಡವಾದರೂ. ಒಮ್ಮೆ ಹಾಗೆ ನಿಂತಿದ್ದಾಗ ಒಂದು ಹೆಣ್ಣು ಕುದುರೆ ಬೆದರಿ ಹಿಂದೆ ಸರಿಯಿತು. ಲಗಾಮು ಹಿಡಿದಿದ್ದ ಗಿಡ್ಡನೆಯ ಆಳು ಅದರ ಕತ್ತು ಸವರುತ್ತ "ಮಾಮಿ, ಮಾಮಿ" ಎಂದು ರಮಿಸಿದ. ಅದು ಸ್ಪ್ಯಾನಿಷ್ ಮುದ್ದುಮಾತು. ಐಯಂಗಾರ್ ಮಾಮಿಯರ ನಡುವೆ ಬೆಳೆದ ನನಗೆ ನಗು ತಡೆಯಲಾಗಲಿಲ್ಲ. ಕುದುರೆ ಮಾತ್ರ ಕಿವಿ ಮುಂದಕ್ಕೆ ಮಾಡಿ ರಸ್ತೆ ದಾಟಿತು.

ನಾನು ಮೈಸೂರಿನವನು. ಧನುರ್ಮಾಸದಲ್ಲಿ ಬೆಟ್ಟದ ಮೆಟ್ಟಿಲು ಹತ್ತುವಾಗ, ನಂದಿಗಿಂತ ಸ್ವಲ್ಪ ಕೆಳಗೆ ಸುಧಾರಿಸಿಕೊಳ್ಳಲು ಕುಳಿತರೆ, ಕೆಳಗೆ ರೇಸ್ ಕೋರ್ಸ್ ಉಂಗುರದ ಹಾಗೆ ಕಾಣುತ್ತಿತ್ತು. ಅದರ ಮೇಲೆ ಸಾಸಿವೆ ಕಾಳಿನಂಥ ಚುಕ್ಕೆಗಳು ಉರುಳುತ್ತಿದ್ದವು. ಅವು ಕುದುರೆಗಳು ಎಂದು ಅಣ್ಣ ಹೇಳಿದ. ಇಳಿದು ಹೋಗಿ ಹತ್ತಿರದಿಂದ ನೋಡಬಹುದೇನೋ ಎಂಬ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ. ಮನೆಯಲ್ಲಿ ಆ ಜಾಗದ ಹೆಸರೆತ್ತುವುದೇ ಕಷ್ಟವಾಗಿತ್ತು. ದೊಡ್ಡಪ್ಪ ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಬರುವ ಟ್ರ್ಯಾಕ್ ವರ್ಕ್ ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಕುದುರೆಯ ಹೆಸರು, ಸವಾರನ ಹೆಸರು, 600/40. ಎಂದರೆ ಕೊನೆಯ ಆರುನೂರು ಮೀಟರಿಗೆ ನಲವತ್ತು ಸೆಕೆಂಡು. ಪಕ್ಕದಲ್ಲಿ 'ಸಲೀಸಾಗಿ ಓಡಿತು' ಎಂಬಂಥ ಒಂದೇ ಸಾಲಿನ ಷರಾ. ಆ ಷರಾ ನಂಬಿ ಅವರು ಕಳೆದದ್ದೆಷ್ಟು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಕುದುರೆ ರೇಸ್ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ದೊಡ್ಡಪ್ಪ ಪತ್ರಿಕೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಅಜ್ಜಿ ಆ ತೀರ್ಪನ್ನು ಒಪ್ಪಲಿಲ್ಲ.

ಅಜ್ಜಿಯದು ತಪ್ಪು ಎನ್ನಲಾರೆ. ಆದರೆ ಅವಳ ಸಿಟ್ಟು ಜೂಜಿನ ಮೇಲಿತ್ತು, ಅದನ್ನು ಹೊತ್ತದ್ದು ಕುದುರೆ. ನಮ್ಮೂರಿನವರಿಗೆ ಪ್ರಾಣಿಯ ತಾಲೀಮು ನೋಡುವುದು ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ದಸರಾ ಹತ್ತಿರ ಬಂದಾಗ ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆಯ ಎರಡೂ ಬದಿ ನೋಡಿ. ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದವರು, ಶಾಲೆಯ ಮಕ್ಕಳು, ಬೆಳಗಿನ ನಡಿಗೆಯವರು ಆನೆಗಳು ಬರುವುದನ್ನೇ ಕಾಯುತ್ತಿರುತ್ತಾರೆ. 750 ಕಿಲೋ ತೂಕದ ಅಂಬಾರಿ ಹೊರಲು ಅಣಿಯಾಗಬೇಕಲ್ಲ, ಅದಕ್ಕೆ ಮರಳಿನ ಮೂಟೆ ಹೊರಿಸಿ ನಡೆಸುತ್ತಾರೆ. ಇವತ್ತು ಎಷ್ಟು ಕಿಲೋ ಹೊರಿಸಿದರು, ಅಭಿಮನ್ಯು ದಣಿದನೇ, ಹೊಸದಾಗಿ ಕಾಡಿನಿಂದ ಬಂದ ಆನೆ ಪಟಾಕಿ ಸದ್ದಿಗೆ ಬೆದರಿತೇ, ಎಲ್ಲವೂ ಆಟೋ ಚಾಲಕರಿಗೆ ಗೊತ್ತು. ಜಂಬೂಸವಾರಿಯ ದಿನದ ನೂಕುನುಗ್ಗಲಿಗಿಂತ ಈ ತಾಲೀಮೇ ನನಗೆ ಹೆಚ್ಚು ಇಷ್ಟ. ಅದೇ ಊರಿನಲ್ಲಿ, ಅದೇ ಹೊತ್ತಿಗೆ, ಬೆಟ್ಟದ ಬುಡದಲ್ಲಿ ಕುದುರೆಗಳೂ ಓಡುತ್ತಿರುತ್ತವೆ. ಒಂದರ ಹೆಸರನ್ನಾದರೂ ಹೇಳಬಲ್ಲ ಮೈಸೂರಿಗ, ದೊಡ್ಡಪ್ಪನಂಥವರನ್ನು ಬಿಟ್ಟರೆ, ನನಗೆ ಸಿಕ್ಕಿಲ್ಲ.

ಹೆಸರು ಗೊತ್ತಿದ್ದರೆ ಏನಾಗುತ್ತದೆ ಎಂದು ಕೇಳಬಹುದು. 2023ರ ಆಗಸ್ಟ್ 5ರಂದು ಸಾರಟೋಗದಲ್ಲಿ ಮೇಪಲ್ ಲೀಫ್ ಮೆಲ್ ಎಂಬ, ಅಲ್ಲಿಯವರೆಗೆ ಸೋಲನ್ನೇ ಕಾಣದ ಹೆಣ್ಣು ಕುದುರೆ ಗೆಲುವಿನ ಗೆರೆಗೆ ಕೆಲವೇ ಹೆಜ್ಜೆ ಇರುವಾಗ ಕಾಲು ಮುರಿದು ಬಿದ್ದಿತು. ಅದಕ್ಕೆ ದಯಾಮರಣ ಕೊಡಬೇಕಾಯಿತು. ಮೂರು ವಾರದ ನಂತರ ನ್ಯೂಯಾರ್ಕ್ ಥಂಡರ್ ಎಂಬ ಕುದುರೆಗೂ ಅದೇ ಗತಿಯಾಯಿತು. ಆ ಬೇಸಿಗೆ ಊರಿಗೆ ಊರೇ ಸಿಡಿದುಕೊಂಡಿತು. ಅವೆರಡೂ ಓಡಿದ್ದನ್ನು ಕಣ್ಣಾರೆ ಕಂಡವರು ಪ್ರಶ್ನೆ ಕೇಳಿದರು. ಬೆಳಗಿನ ತಾಲೀಮಿನಲ್ಲೇ ಪಶುವೈದ್ಯರು ಕುದುರೆಗಳ ಹೆಜ್ಜೆ ಗಮನಿಸುವುದು ಆಮೇಲೆ ಇನ್ನೂ ಬಿಗಿಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಅರ್ಜುನ ಸಕಲೇಶಪುರದ ಕಡೆ ಕಾಡಾನೆ ಸೆರೆ ಹಿಡಿಯುವಾಗ ಸತ್ತ. ಕರ್ನಾಟಕವೂ ಹಾಗೆಯೇ ಸಿಡಿದುಕೊಂಡಿತು. ಎಷ್ಟೋ ವರ್ಷ ಬೀದಿಯಲ್ಲಿ ನಿಂತು ನೋಡಿದ ಆನೆ ಅದು. ಗೋಡೆಯ ಹಿಂದೆ ಒಂದು ಕುದುರೆ ಕುಂಟಿದರೆ ಕೇಳುವವರು ಯಾರು?

ಸಾರಟೋಗದಲ್ಲಿ ಎಲ್ಲವೂ ಸರಿ ಎಂದೇನಲ್ಲ. ಲಾಯ ಗುಡಿಸುವವರು, ಕುದುರೆ ತೊಳೆಯುವವರು ಬಹುಪಾಲು ಸ್ಪ್ಯಾನಿಷ್ ಮಾತನಾಡುವ ವಲಸಿಗರು. ಮೈಕ್‌ನಲ್ಲಿ ತರಬೇತುದಾರರ ಹೆಸರು ಕೇಳಿಸುತ್ತದೆ, ಕುದುರೆ ಒಡೆಯರ ಹೆಸರು ಕೇಳಿಸುತ್ತದೆ, ಮಾಮಿ ಎಂದವನ ಹೆಸರು ಒಮ್ಮೆಯೂ ಕೇಳಿಸಿಲ್ಲ. ನಮ್ಮ ಆನೆಗಳ ವಿಷಯದಲ್ಲಿ ಮಾವುತರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಈ ಒಂದು ವಿಷಯದಲ್ಲಿ ನಾವೇ ಮೇಲು.

ಕಳೆದ ಬೇಸಿಗೆಯಲ್ಲಿ ಅಣ್ಣನಿಗೆ ಬೇಲಿಯ ಬಳಿಯಿಂದಲೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮೈಸೂರಿನಲ್ಲೂ ವಾರಕ್ಕೊಂದು ಬೆಳಿಗ್ಗೆ ಬಾಗಿಲು ತೆರೆದು, ಜೂಜಿನ ಕಿಟಕಿ ಮುಚ್ಚಿಟ್ಟು, ಒಂದು ಕಾಫಿ ಅಂಗಡಿ ಹಾಕಿದರೆ ಸಾಕಲ್ಲವೇ ಎಂದೆ.

"ಬೆಳಗಿನ ಜಾವ ಎದ್ದು ಕುದುರೆ ನೋಡಲು ಯಾರು ಬರುತ್ತಾರೆ?" ಎಂದು ನಕ್ಕ.

"ಬೆಟ್ಟ ಹತ್ತುವವರು ಬರುತ್ತಾರೆ. ಹೇಗೂ ಎದ್ದಿರುತ್ತಾರೆ."

ಅವನು ಉತ್ತರ ಕೊಡಲಿಲ್ಲ. ಮಾರನೆಯ ಭಾನುವಾರ ಮೊಬೈಲಿಗೆ ಒಂದು ವಿಡಿಯೊ ಬಂತು. ಮೆಟ್ಟಿಲ ಮೇಲೆ ನಿಂತು ತೆಗೆದದ್ದು, ಕೈ ನಡುಗಿದೆ, ಏದುಸಿರು ಕೇಳಿಸುತ್ತದೆ. ಕೆಳಗೆ ಆ ಉಂಗುರದ ಮೇಲೆ ನಾಲ್ಕು ಸಾಸಿವೆ ಕಾಳು. ಮಗಳು ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, "ಇವುಗಳ ಹೆಸರೇನಂತೆ?" ಎಂದಳು.