ದೀಪಸ್ತಂಭದಲ್ಲಿ ದೀಪ ಹಚ್ಚುವವರು ಯಾರು?

ಮಳೆಗಾಲ ಬಂತೆಂದರೆ ಕಾಸರಗೋಡಿನ ಮೊಬೈಲುಗಳಲ್ಲಿ ಆ ಸಂದೇಶವೂ ಬರುತ್ತದೆ: ಕಡಲ ತೀರದ ಹಳೇ ಲೈಟ್‌ಹೌಸಿನಲ್ಲಿ ಜನವಿಲ್ಲ, ಆದರೂ ರಾತ್ರಿ ದೀಪ ಉರಿಯುತ್ತದೆ, ಸತ್ತ ಕಾವಲುಗಾರನ ಭೂತವೇ ಹಚ್ಚುವುದಂತೆ, ಮಿನುಗಿಸಿ ಸನ್ನೆ ಮಾಡುವುದಂತೆ, ಕಿಟಕಿಯಲ್ಲಿ ಬಿಳಿ ಆಕೃತಿ ಕಾಣುತ್ತದಂತೆ, ಒಳಗಿಂದ ಊಳಿಡುವ ಸದ್ದೂ ಕೇಳುತ್ತದಂತೆ. ಜೊತೆಗೊಂದು ಗೋಪುರದ ಚಿತ್ರ. ನಮ್ಮ ಕಡೆ ಭೂತವೆಂದರೆ ಕೋಲ ಕಟ್ಟಿ ನಂಬುವ ದೈವ, ಸತ್ತವರದ್ದಾದರೆ ಕುಲೆ. ಬರೆದವರು ಈ ಊರಿನವರಲ್ಲವೆಂದು ನನ್ನ ಗುಮಾನಿ.

ಜನವಿಲ್ಲದೆ ದೀಪ ಉರಿಯುವುದು ನಿಜ, ಕಾರಣ ಮಾತ್ರ ಬೇರೆ. ಕತ್ತಲಾದೊಡನೆ ಬೆಳಕಿನ ಸಂವೇದಕವೇ ಸ್ವಿಚ್ ಹಾಕುತ್ತದೆ. ಮಿನುಗಿ ನಿಲ್ಲುವುದೂ ಯಾರದೋ ಸನ್ನೆಯಲ್ಲ. ಪ್ರತಿ ದೀಪಸ್ತಂಭಕ್ಕೂ ಮಿನುಗಿನ ಒಂದು ಲಯ ಗೊತ್ತುಮಾಡಿರುತ್ತಾರೆ. ನಾವಿಕರು ಅದನ್ನೆಣಿಸಿ, ನಕ್ಷೆ ನೋಡಿ, ಯಾವ ಊರಿನ ದೀಪವೆಂದು ತಿಳಿಯುತ್ತಾರೆ.

ಕಿಟಕಿಯ ಬಿಳಿ ಆಕೃತಿಯ ಕಥೆ ನನಗೆ ಹೆಚ್ಚು ಇಷ್ಟ. 1820ರ ದಶಕದಲ್ಲಿ ಫ್ರೆಂಚ್ ಭೌತವಿಜ್ಞಾನಿ ಫ್ರೆನೆಲ್ ರೂಪಿಸಿದ ಬಗೆಯ ಮಸೂರ ಸಣ್ಣ ದೀಪದ ಬೆಳಕನ್ನೂ ಬಹುದೂರ ಎಸೆಯುತ್ತದೆ. ಹಗಲಲ್ಲಿ ಅದೇ ಮಸೂರ ಬಿಸಿಲನ್ನು ಒಳಗೆ ಒಟ್ಟುಗೂಡಿಸಿ ಬೆಂಕಿ ಹತ್ತಿಸಬಲ್ಲದು. ಅದಕ್ಕೇ ಗಾಜಿನ ಕೋಣೆಗೆ ಪರದೆ ಎಳೆಯುವ ರೂಢಿ. ಗಾಳಿಗೆ ಪರದೆ ಅಲುಗಾಡಿದರೆ ಕೆಳಗಿನಿಂದ ಮನುಷ್ಯನಂತೆಯೇ ಕಂಡೀತು. ಟೊಳ್ಳು ಗೋಪುರದೊಳಗೆ ಗಾಳಿ ಊಳಿಡುವುದಂತೂ ಖಂಡಿತ.

ಅನುಮಾನವಿದ್ದರೆ ಒಂದು ಸಂಜೆ ಗಡಿಯಾರ ಹಿಡಿದು ತೀರದಲ್ಲಿ ಕುಳಿತು ಮಿನುಗುಗಳ ನಡುವಿನ ಸೆಕೆಂಡು ಎಣಿಸಿ. ಹತ್ತು ಸುತ್ತಿಗೂ ಲೆಕ್ಕ ಒಂದೇ ಬಂದರೆ ಅದು ಯಂತ್ರ. ಜೊತೆಗೆ ಬಂದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ಹುಡುಕಿ. ಎಷ್ಟೋ ಸಲ ಗೋಪುರ ಬೇರೆ ದೇಶದ್ದೇ ಆಗಿರುತ್ತದೆ. ಅಂದಹಾಗೆ, ಬೇಕಲ ಕೋಟೆಯ ಗೋಪುರದ ಚಿತ್ರವಿದ್ದರೆ, ಅದು ದೀಪಸ್ತಂಭವಲ್ಲ, ವೀಕ್ಷಣಾ ಗೋಪುರ.

ಕಳಿಸಿದವರನ್ನು ಹಂಗಿಸಬೇಕಿಲ್ಲ. ಮಳೆಯ ರಾತ್ರಿ, ಕರೆಂಟಿಲ್ಲದಾಗ, ನಾನೂ ಇಂಥ ಕಥೆಗೆ ಕಿವಿಗೊಟ್ಟವನೇ.